ಈರಮ್ಮನ ಕಣದ ಶಾಲೆ

ಕಾಫಿ ಹೂವಿನ ವಾಸನೆ ನನಗೆ ಆಗುವುದಿಲ್ಲ. ತಲೆನೋವು ಬರುತ್ತದೆ. ಸಕಲೇಶಪುರದ ಕಡೆಯವರ ಮುಂದೆ ಈ ಮಾತು ಹೇಳಿದರೆ ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, ಆಮೇಲೆ ಪಾಪ, ಬಯಲುಸೀಮೆಯವನು ಎಂದು ಕ್ಷಮಿಸಿಬಿಡುತ್ತಾರೆ. ನಾನು ಅರಸೀಕೆರೆ ಕಡೆಯವನು. ನಮ್ಮಲ್ಲಿ ರಾಗಿಯೋ ತೆಂಗೋ ಹೂ ಬಿಟ್ಟದ್ದು ಯಾರ ಮೂಗಿಗೂ ಗೊತ್ತಾಗುವುದಿಲ್ಲ. ಇಲ್ಲಿ ಹಾಗಲ್ಲ. ಬೇಸಿಗೆಯ ಮೊದಲ ಮಳೆ ಬಿದ್ದ ಎಂಟೊಂಬತ್ತು ದಿನಕ್ಕೆ ಗುಡ್ಡಕ್ಕೆ ಗುಡ್ಡವೇ ಬೆಳ್ಳಗಾಗಿ, ಮಲ್ಲಿಗೆ ಅರೆದು ಗಾಳಿಗೆ ಬಳಿದ ಹಾಗೆ ಮೂರು ದಿನ ವಾಸನೆ ಕಟ್ಟಿಕೊಳ್ಳುತ್ತದೆ. ಆ ಮೂರು ದಿನ ನಾನು ಹಣೆಗೆ ಕರವಸ್ತ್ರ ಬಿಗಿದುಕೊಂಡೇ ಪಾಠ ಮಾಡುತ್ತಿದ್ದೆ.

ಕಳೆದ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೊಠಡಿ ಮೇಲ್ವಿಚಾರಕನೆಂದು ನನ್ನನ್ನು ಯಸಳೂರಿಗೆ ಹಾಕಿದರು. ನಾನೀಗ ಇರುವುದು ಆಲೂರು ತಾಲ್ಲೂಕಿನಲ್ಲಿ, ಕೆ. ಹೊಸಕೋಟೆ ಹತ್ತಿರದ ಒಂದು ಶಾಲೆಯಲ್ಲಿ. ಯಸಳೂರು ಎಂದ ಕೂಡಲೇ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳೋಣ ಅನ್ನಿಸಿತು. ಹೇಳಲಿಲ್ಲ, ಹೋದೆ. ಗಣಿತದ ಪರೀಕ್ಷೆಯ ದಿನ ಬಿಸಿಲು ಏರುತ್ತಿದ್ದಂತೆ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಎಡಗಣ್ಣಿನ ಮೇಲಿನ ನರ ಹೊಡೆದುಕೊಳ್ಳತೊಡಗಿತು. ಹಣೆ ಒತ್ತಿಕೊಳ್ಳುತ್ತಾ ತಲೆಯೆತ್ತಿದರೆ ಮೂರನೇ ಬೆಂಚಿನ ಹುಡುಗಿಯೊಬ್ಬಳು ಪೆನ್ನು ಕೆಳಗಿಟ್ಟು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರು ಎಳೆದುಕೊಳ್ಳುತ್ತಿದ್ದಳು. ಒಂದು ಸಲ, ಇನ್ನೊಂದು ಸಲ. ಆಮೇಲೆ ಎಡಗೈಯಲ್ಲಿ ಪೆನ್ನು ಹಿಡಿದು ಮತ್ತೆ ಬರೆಯತೊಡಗಿದಳು. ಆ ಎಡಗೈಯಿಂದ ಮುಖದ ಗುರುತು ಸಿಕ್ಕಿತು. ಬೈನೆಕೊಪ್ಪದ ಪವಿತ್ರ. ಆರನೇ ಕ್ಲಾಸಿನಲ್ಲಿ ನನ್ನ ಹತ್ತಿರ ಓದಿದವಳು. ಕೊರೋನಾ ವರ್ಷದ ಆರನೇ ಕ್ಲಾಸು ಅದು.

ಬೈನೆಕೊಪ್ಪ ಎನ್ನುವುದು ವನಗೂರಿಗೂ ಯಸಳೂರಿಗೂ ನಡುವೆ ಸಿಕ್ಕಿಕೊಂಡ ಮೂವತ್ತು ಮನೆಯ ಊರು. ಅರ್ಧ ಸ್ವಂತ ಮನೆಗಳು, ಇನ್ನರ್ಧ ಎಸ್ಟೇಟಿನ ಕೂಲಿಯವರ ಸಾಲುಮನೆ, ಅಂದರೆ ಲೈನು. ಶಾಲೆಯಲ್ಲಿ ಒಂದರಿಂದ ಏಳರವರೆಗೆ ಎಲ್ಲ ಸೇರಿ ಹದಿನಾಲ್ಕು ಮಕ್ಕಳು. ಮೇಷ್ಟ್ರು ನಾನೊಬ್ಬನೇ, ಎರಡನೆಯ ಹುದ್ದೆ ನಾನು ಹೋದಾಗಿನಿಂದಲೂ ಖಾಲಿ. ಬಿಸಿಯೂಟಕ್ಕೆ ಈರಮ್ಮ ಇದ್ದಳು. ಮಕ್ಕಳಿಗೆ ಅವಳು ಈರಜ್ಜಿ.

ಈರಮ್ಮನಿಗೆ ಆಗ ಐವತ್ತೆಂಟೋ ಅರವತ್ತೋ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಂದು ಎಕರೆ ಕಾಫಿ, ಮನೆ ಮುಂದೆ ಅದನ್ನು ಒಣಗಿಸುವ ಅಗಲವಾದ ಕಣ, ಜೊತೆಗೆ ಮಗ ಸೊಸೆ. ಬೆಳಿಗ್ಗೆ ಹಣೆಗೆ ಮೂರು ಬೆರಳ ವಿಭೂತಿ ಎಳೆದುಕೊಂಡು ಶಾಲೆಗೆ ಬಂದಳೆಂದರೆ ಅಲ್ಲಿ ಯಜಮಾನಿಕೆ ಅವಳದು, ನಾನು ಅಕ್ಷರ ಕಲಿಸುವ ಆಳು. ಅಕ್ಕಿ ತೂಗಲು ಕೊಟ್ಟಿದ್ದ ತಕ್ಕಡಿ ಮೂಲೆಯಲ್ಲಿ ಜೇಡರಬಲೆ ಕಟ್ಟಿಕೊಂಡು ಬಿದ್ದಿತ್ತು. ಅವಳು ಅಳೆಯುತ್ತಿದ್ದದ್ದು ಹಿಡಿಯಲ್ಲಿ. ಅಡಿಗೆಮನೆಯ ಬಾಗಿಲಲ್ಲಿ ನಿಂತು, ಒಂದೊಂದು ಮಗುವಿನ ಮುಖ ನೋಡಿ, ಹೆಸರು ಹೇಳಿ, ಒಂದೊಂದು ತುಂಬಿದ ಹಿಡಿ ಪಾತ್ರೆಗೆ ಬಿಡುತ್ತಿದ್ದಳು. ರಮೇಶ, ಚೈತ್ರ, ಪವಿತ್ರ, ಸಣ್ಣ ಮಂಜ ಎಂದು ಹದಿನಾಲ್ಕು ಮುಗಿದ ಮೇಲೆ ಹದಿನೈದನೆಯ ಹಿಡಿ ‘ಮೇಷ್ಟ್ರು’. ನನ್ನ ಹಾಜರಿ ಪುಸ್ತಕ ತಪ್ಪಿದರೂ ಅವಳ ಪಾತ್ರೆ ತಪ್ಪುತ್ತಿರಲಿಲ್ಲ.

ಇನ್ನೊಂದು ಪದ್ಧತಿ ಇತ್ತು. ಮಕ್ಕಳು ಉಣ್ಣುವ ಮೊದಲು ಅವಳು ಸಾರನ್ನು ನಾಲಿಗೆಗೆ ಮುಟ್ಟಿಸುತ್ತಿರಲಿಲ್ಲ. ಮಕ್ಕಳದ್ದನ್ನು ಮೊದಲು ತಾನು ತಿನ್ನುವುದು ಅವಳ ಪ್ರಕಾರ ಎಂಜಲು ಬಡಿಸಿದ ಹಾಗೆ. ಮುಚ್ಚಳ ತೆಗೆದು, ಆವಿಗೆ ಮುಖವೊಡ್ಡಿ, ಮೂಗಿನಲ್ಲೇ ಉಪ್ಪು ಖಾರ ತೀರ್ಮಾನಿಸುತ್ತಿದ್ದಳು. ನಿಯಮದ ಪ್ರಕಾರ ಮೊದಲು ರುಚಿ ನೋಡಬೇಕಾದವನು ನಾನು. ನೋಡುತ್ತಿದ್ದೆ. ನಾಲ್ಕು ವರ್ಷದಲ್ಲಿ ಒಂದು ಕಲ್ಲುಪ್ಪಿನಷ್ಟೂ ವ್ಯತ್ಯಾಸ ಸಿಕ್ಕಿರಲಿಲ್ಲ.

ಆ ಶಾಲೆ ಬಂದದ್ದೂ ಅವಳಿಂದಲೇ. ಯಸಳೂರಿಗೆ ಆರು ಕಿಲೋಮೀಟರ್ ತೋಟದ ರಸ್ತೆ. ಆನೆಗಳೂ ಅದೇ ರಸ್ತೆಯಲ್ಲಿ ಓಡಾಡುತ್ತವೆ. ಅವಳ ಮಗಳು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ ಒಂಟಿ ಆನೆ ಅಟ್ಟಿಸಿಕೊಂಡು ಬಂತಂತೆ. ಹುಡುಗಿ ಚರಂಡಿಗೆ ಬಿದ್ದು ಉಳಿದುಕೊಂಡಳು, ಆದರೆ ಮತ್ತೆ ಪುಸ್ತಕ ಮುಟ್ಟಲಿಲ್ಲ. ಅದಾದ ಮೇಲೆ ಈರಮ್ಮ ವರ್ಷಗಟ್ಟಲೆ ಕಚೇರಿ ಕಚೇರಿ ಅಲೆದು ಊರಿಗೆ ಶಾಲೆ ತಂದಳು. ಮಗಳಿಗೆ ಅದು ಉಪಯೋಗಕ್ಕೆ ಬರಲಿಲ್ಲ. ಶಾಲೆ ಮುಚ್ಚುವ ಮಾತು ಯಾರಾದರೂ ಎತ್ತಿದರೆ ಅವಳು ಒಂದೇ ಹೇಳುತ್ತಿದ್ದಳು. ‘ಗಂಡ್ ಹೈಕ್ಳು ಎಂಗೋ ಹೋಯ್ತವೆ. ಇದು ಮುಚ್ಚಿದ್ರೆ ಹೆಣ್ಮಕ್ಳು ಮನೇಲೇ ಉಳ್ಕತಾವೆ ಕಣ್ರೀ.’

ಕೊರೋನಾ ಬಂದು ಶಾಲೆಗೆ ಬೀಗ ಬಿತ್ತು. ಮೊದಲ ಮಳೆಗಾಲ ನಾನು ಕೊಡೆ ಹಿಡಿದುಕೊಂಡು ಮನೆಮನೆಗೆ ಅಕ್ಕಿ ಬೇಳೆ ಹಂಚಿದೆ, ಪಾಠದ ಹಾಳೆ ಹಂಚಿದೆ. ಫೋನಿನಲ್ಲಿ ಪಾಠ ಮಾಡಿ ಎಂದರು. ಇಡೀ ಊರಿಗೆ ಸಿಗ್ನಲ್ ಸಿಗುತ್ತಿದ್ದದ್ದು ನೀರಿನ ಟ್ಯಾಂಕಿನ ಮೇಲೆ. ಅಲ್ಲಿ ಮಕ್ಕಳನ್ನು ಹತ್ತಿಸಿದರೆ ಭಿನ್ನರಾಶಿಗಿಂತ ಮೊದಲು ಕಾಲು ಮುರಿಯುವುದು ಖಾತ್ರಿ ಎಂದು ಬಿಟ್ಟುಬಿಟ್ಟೆ. ಅಕ್ಕಿ ಕೊಡಲು ಹೋದಾಗ ಒಂದು ದಿನ ಮೂರನೇ ಕ್ಲಾಸಿನ ಚೈತ್ರಳಿಗೆ ನಿನ್ನ ಹೆಸರು ಬರಿಯಮ್ಮ ಎಂದೆ. ಅವಳು ಬಳಪ ಹಿಡಿದುಕೊಂಡು ಬಹಳ ಹೊತ್ತು ಕೂತಳು. ಆಮೇಲೆ ಅತ್ತಳು. ನಾನು ಹೊರಗೆ ಬಂದು ಕೊಡೆ ಬಿಚ್ಚದೆ ಮಳೆಯಲ್ಲಿ ನಿಂತೆ. ಹದಿನೇಳು ವರ್ಷದ ನೌಕರಿಯಲ್ಲಿ ಆವತ್ತಿನಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಇದನ್ನು ಈರಮ್ಮನಿಗೆ ಹೇಳಿದೆ. ಅವಳು ಕಣದ ಅಂಚಿನಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ‘ಸರ್ಕಾರ ಸ್ಕೂಲು ಮುಚ್ಚೈತೆ. ನನ್ ಕಣ ಏನು ಮುಚ್ಚಿಲ್ವಲ್ಲ ಮೇಷ್ಟ್ರೇ’ ಅಂದಳು.

ಹೀಗೆ ಮಳೆ ಬಿಟ್ಟ ಮೇಲೆ ಕಣದ ಶಾಲೆ ಶುರುವಾಯಿತು. ವಠಾರದಲ್ಲಿ ಪಾಠ ಮಾಡಿ ಎಂಬ ಆದೇಶ ಒಂದು ಸಲ ಬಂತು, ಒಂದು ಸಲ ನಿಂತಿತು. ದೊಡ್ಡ ಕ್ಲಾಸಿನವರು ಬರಬಹುದು, ಸಣ್ಣವರು ಬೇಡ ಎಂದು ಮತ್ತೊಂದು ಬಂತು. ನಮ್ಮ ಕಣ ಯಾವುದಕ್ಕೂ ಕಿವಿಗೊಡಲಿಲ್ಲ. ಸಗಣಿ ಸಾರಿಸಿದ ನೆಲದ ಮೇಲೆ ಈರಮ್ಮ ಸುಣ್ಣದಲ್ಲಿ ಹದಿನಾಲ್ಕು ಚೌಕ ಬರೆದಳು, ಒಂದಕ್ಕೊಂದು ಎರಡು ಮಾರು ದೂರ. ಒಂದು ಚೌಕಕ್ಕೆ ಒಂದು ಮಗು. ಮಧ್ಯಾಹ್ನಕ್ಕೆ ಪ್ರತಿ ಮಗುವೂ ಮನೆಯಿಂದ ಒಂದು ಹಿಡಿ ಅಕ್ಕಿ ತರಬೇಕು, ಸಾರು ಅವಳದು. ಕಣದ ಮೂಲೆಯ ಒಲೆಯ ಮೇಲೆ ಅದೇ ಹಳೆಯ ಪಾತ್ರೆ. ಮಕ್ಕಳು ಬುಟ್ಟಿಗೆ ಅಕ್ಕಿ ಸುರಿಯುವಾಗ ಅವಳು ಹೆಸರು ಕೂಗುತ್ತಿದ್ದಳು.

ಹದಿನೈದನೆಯ ಹಿಡಿ ಮಾತ್ರ ನಾನು ಬೇಡವೆಂದೆ. ನಿಜ ಹೇಳುತ್ತೇನೆ, ನನಗೆ ಭಯವಿತ್ತು. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹೆಂಡತಿ. ದಿನಾ ಬಸ್ಸಿನಲ್ಲಿ ಬಂದು ಹೋಗುವವನು ನಾನು, ಕಾಯಿಲೆ ತಂದರೆ ನಾನೇ ತರಬೇಕು. ಆದರೂ ಹೆದರಿದ್ದು ಅವಳ ಒಲೆಗೆ. ಡಬ್ಬಿ ತಂದು ಅವಳ ಮಗನ ಬೈಕಿನ ಶೆಡ್ಡಿನ ಹತ್ತಿರ ಒಬ್ಬನೇ ಕೂತು ತಿನ್ನುತ್ತಿದ್ದೆ. ರುಚಿ ನೋಡುವುದನ್ನೂ ಬಿಟ್ಟೆ. ಆದರೆ ಈರಮ್ಮ ಪ್ರತಿದಿನ ತನ್ನ ಮನೆಯ ಡಬ್ಬದಿಂದ ಒಂದು ಹಿಡಿ ತಂದು ‘ಮೇಷ್ಟ್ರು’ ಎಂದು ಹಾಕುವುದನ್ನು ಬಿಡಲಿಲ್ಲ. ನಾನು ತಿನ್ನುವುದಿಲ್ಲವಲ್ಲ, ಯಾಕೆ ಎಂದರೆ, ಲೆಕ್ಕ ತಪ್ಪುತ್ತದೆ ಎಂದಳು. ಆ ಅನ್ನವನ್ನು ಅವಳೇ ಉಣ್ಣುತ್ತಿದ್ದಳೋ ಏನೋ, ನಾನು ಕೇಳಲಿಲ್ಲ.

ಜನವರಿಯಲ್ಲಿ ಅವಳ ಕಾಫಿ ಕೊಯ್ಲಾಯಿತು. ಕಣದ ತುಂಬಾ ಹಣ್ಣು ಹರಡಿದ್ದರಿಂದ ನಮ್ಮ ಚೌಕಗಳೆಲ್ಲ ಅಂಚಿಗೆ ಸರಿದವು. ಮಗ್ಗಿ ಹೇಳುತ್ತಾ ಮಕ್ಕಳು ಕಾಲಲ್ಲಿ ಕಾಫಿ ಕೆದಕುತ್ತಿದ್ದರು. ಒಂದು ಮಧ್ಯಾಹ್ನ ಕಾಲವಲ್ಲದ ಕಾಲದಲ್ಲಿ ಮಳೆ ಬಂತು. ಒಣಗುತ್ತಿದ್ದ ಕಾಫಿ ನೆಂದರೆ ವರ್ಷದ ಬೆಳೆಗೆ ಬೂಷ್ಟು ಹಿಡಿಯುತ್ತದೆ. ನಾನು ಪಾಠ ಬಿಡಿ ಎನ್ನುವಷ್ಟರಲ್ಲಿ ಹದಿನಾಲ್ಕೂ ಮಕ್ಕಳು ಎದ್ದಾಗಿತ್ತು. ಸಣ್ಣವರು ಬುಟ್ಟಿಯಲ್ಲಿ ತುಂಬಿದರು, ದೊಡ್ಡವರು ಟಾರ್ಪಾಲು ಎಳೆದರು, ಪವಿತ್ರ ರಾಶಿಯ ಮೇಲೆಯೇ ಮಲಗಿ ಟಾರ್ಪಾಲಿನ ತುದಿ ಹಿಡಿದುಕೊಂಡಳು. ಎರಡು ಮಾರು ದೂರ, ಮಾಸ್ಕು, ಯಾವುದೂ ಯಾರಿಗೂ ನೆನಪಿರಲಿಲ್ಲ. ಮಳೆ ನಿಂತ ಮೇಲೆ ಈರಮ್ಮ ನೆಂದ ತಲೆಗಳನ್ನೆಲ್ಲ ಒಂದೇ ಸೀರೆಯಲ್ಲಿ ಒರೆಸಿದಳು. ನಾನು ದೂರ ದೂರ ಎಂದು ಕೂಗುತ್ತಲೇ ಇದ್ದೆ. ಆ ವರ್ಷದಲ್ಲಿ ನಾನು ಮನಸಾರೆ ನಕ್ಕದ್ದು ಅದೊಂದೇ ದಿನ.

ಆ ಮಳೆಗೆ ಅಲ್ಲಲ್ಲಿ ಹೂವು ಮುಂಚೆಯೇ ಒಡೆಯಿತು. ಈ ಸಲ ಹೂವು ಚೂರುಚೂರಾಗಿ ಬರುತ್ತದೆ, ವಾಸನೆ ಇರುವುದಿಲ್ಲ ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಆಗಲೇ ಹೇಳಿದ್ದ. ಈ ಮಾತನ್ನು ನಾನೂ ಈರಮ್ಮನೂ ಒಟ್ಟಿಗೆ ಕೇಳಿಸಿಕೊಂಡಿದ್ದೆವು.

ಮಾರ್ಚ್ ಕೊನೆಗೆ ಎರಡನೇ ಅಲೆಯ ಸುದ್ದಿ ಶುರುವಾಯಿತು. ಅದೇ ಹೊತ್ತಿಗೆ ನನಗೊಂದು ಪತ್ರ ಬಂತು. ಮಕ್ಕಳು ಕಡಿಮೆ ಇರುವ ಶಾಲೆಗಳಲ್ಲಿ ಪುಸ್ತಕದಲ್ಲಿರುವ ಮಕ್ಕಳು ನಿಜವಾಗಿ ಊರಲ್ಲಿ ಇದ್ದಾರೋ ಇಲ್ಲವೋ ನೋಡಲು ಒಬ್ಬ ಅಧಿಕಾರಿ ಬರುತ್ತಾರೆ, ಇಲ್ಲದಿದ್ದರೆ ಶಾಲೆಯನ್ನು ಯಸಳೂರಿಗೆ ಸೇರಿಸುವ ಬಗ್ಗೆ ಯೋಚಿಸಲಾಗುತ್ತದೆ ಎಂದು. ಲೈನಿನ ಕೆಲವು ಕುಟುಂಬಗಳು ಕೊರೋನಾಕ್ಕೆ ಹೆದರಿ ಗಂಟು ಕಟ್ಟುತ್ತಿದ್ದವು. ಈರಮ್ಮ ಲೈನಿಗೆ ಹೋಗಿ ಒಂದೊಂದು ಮನೆಯ ಬಾಗಿಲಲ್ಲಿ ಕೂತು, ಸಾಹೇಬರು ಬಂದು ಹೋಗುವವರೆಗೆ ನಿಲ್ಲಿ ಎಂದು ಒಪ್ಪಿಸಿದಳು. ಊರಲ್ಲಿ ಒಬ್ಬರಿಗೆ ಕಾಯಿಲೆ ಎಂದು ಗೊತ್ತಾದರೂ ಬೀದಿಗೆ ಬೇಲಿ ಹಾಕುತ್ತಾರೆ, ಸಾಹೇಬರು ಬರುವುದಿಲ್ಲ, ಲೈನು ಒಂದೇ ದಿನಕ್ಕೆ ಖಾಲಿಯಾಗುತ್ತದೆ. ಇದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಏಪ್ರಿಲ್ ಮೊದಲಲ್ಲಿ ಒಂದು ಒಳ್ಳೆಯ ಮಳೆ ಬಿತ್ತು. ಒಂಬತ್ತನೇ ದಿನ ಬೆಳಿಗ್ಗೆ ಬಸ್ಸಿಳಿದರೆ ಬೈನೆಕೊಪ್ಪದ ಗುಡ್ಡ ಬೆಳ್ಳಗಿತ್ತು. ರೈಟರನ ಮಾತು ಸುಳ್ಳಾಗಿತ್ತು. ವಾಸನೆ ಮಾಸ್ಕು ದಾಟಿ ಬಂದು ತಲೆಗೆ ಹೊಡೆಯಿತು. ಎಂದಿನಂತೆ ಹಣೆಗೆ ಕರವಸ್ತ್ರ ಬಿಗಿದುಕೊಂಡು ಕಣಕ್ಕೆ ಹೋದೆ. ಪ್ರತಿ ವರ್ಷ ಆ ಅವತಾರದಲ್ಲಿ ನನ್ನನ್ನು ಕಂಡರೆ, ಬಾಸಿಂಗ ಕಟ್ಟಿಕೊಂಡು ಮದುವೆಗಂಡು ಬಂದ ಎಂದು ಈರಮ್ಮ ಮಕ್ಕಳನ್ನು ಕರೆದು ತೋರಿಸುತ್ತಿದ್ದಳು. ನನ್ನ ತಲೆನೋವು ಅವಳಿಗೆ ವರ್ಷಕ್ಕೊಂದು ಹಬ್ಬ.

ಆವತ್ತು ಅವಳು ಒಲೆ ಹಚ್ಚುತ್ತಿದ್ದವಳು ತಿರುಗಿ ನೋಡಿದಳು. ‘ಯಾಕ್ ಮೇಷ್ಟ್ರೇ ಬಾಸಿಂಗ ಕಟ್ಟೀರಿ? ಈ ಸಲ ಹೂವಿಗೆ ವಾಸ್ನೇನೇ ಇಲ್ವಲ್ಲ.’

ನನ್ನ ತಲೆ ಸಿಡಿಯುತ್ತಿತ್ತು. ಇವಳು ಈ ವರ್ಷ ತಮಾಷೆಯ ವರಸೆ ಬದಲಾಯಿಸಿದ್ದಾಳೆ ಅಂದುಕೊಂಡೆ. ನಾನೇನು ಕಡಿಮೆ ಎಂದು, ‘ಹೌದು ಈರಮ್ಮ, ನಿಮ್ಮ ತೋಟಕ್ಕೆ ಈ ಸಲ ನನ್ನ ಮೇಲೆ ಕರುಣೆ ಬಂದಿದೆ’ ಎಂದೆ.

ಅವಳು ನಗಲಿಲ್ಲ. ‘ನಿಮ್ಗೂ ಬರ್ತಾ ಇಲ್ವಾ?’ ಎಂದು ಕೇಳಿದಳು.

‘ಎಲ್ಲಿ ಬರುತ್ತೆ, ಏನೂ ಇಲ್ಲ’ ಎಂದೆ.

ಹಂಗಾದ್ರೆ ಸರಿ ಎಂದು ಅವಳು ಒಲೆಯ ಕಡೆ ತಿರುಗಿದಳು. ನಾನು ಕರವಸ್ತ್ರವನ್ನು ಇನ್ನೂ ಬಿಗಿಯಾಗಿ ಕಟ್ಟಿಕೊಂಡು ಮಗ್ಗಿ ಹೇಳಿಸಲು ಹೋದೆ. ಜ್ವರ, ಕೆಮ್ಮು, ವಾಸನೆ ತಿಳಿಯದಿರುವುದು ಎಂದು ಕಾಯಿಲೆಯ ಲಕ್ಷಣಗಳನ್ನು ಅದೇ ಕಣದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಮಕ್ಕಳಿಂದ ಓದಿಸಿದವನು ನಾನು. ಆ ಬರಹ ಅವಳ ಬೆನ್ನ ಹಿಂದೆಯೇ ಇತ್ತು. ಅವಳಿಗೆ ಓದಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು.

ಮಧ್ಯಾಹ್ನ ಮಕ್ಕಳು ಸಾರು ಬಾಯಿಗಿಟ್ಟು ಒಬ್ಬರ ಮುಖ ಒಬ್ಬರು ನೋಡಿದರು. ಉಪ್ಪೇ ಇರಲಿಲ್ಲ. ಪವಿತ್ರ ಎದ್ದು ಒಳಗಿನಿಂದ ಉಪ್ಪು ತಂದಳು. ನಾನು ದೂರದಲ್ಲಿ ನನ್ನ ಡಬ್ಬಿ ಹಿಡಿದುಕೊಂಡು, ಈರಮ್ಮನಿಗೂ ವಯಸ್ಸಾಯಿತು ಎಂದು ನಕ್ಕೆ. ಮೊದಲಿನ ಹಾಗೆ ರುಚಿ ನೋಡುತ್ತಿದ್ದರೆ ಆ ತುತ್ತು ಮೊದಲು ನನ್ನ ಬಾಯಿಗೆ ಬರಬೇಕಿತ್ತು.

ಮರುದಿನದಿಂದ ಅವಳು ಕಣಕ್ಕೆ ಇಳಿಯಲಿಲ್ಲ. ಮನೆಯ ಆ ತುದಿಯಲ್ಲಿ, ಸೌದೆ ರಾಶಿಯ ಪಕ್ಕ ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡು ಕೂತಿರುತ್ತಿದ್ದಳು. ಅಡಿಗೆ ಸೊಸೆ ಮಾಡಿದಳು, ಬಡಿಸಿದ್ದು ಪವಿತ್ರ. ಅಕ್ಕಿಯ ಹಿಡಿ ಹಾಕುವುದೂ ಪವಿತ್ರಳೇ. ಈರಮ್ಮ ದೂರದಿಂದ ಹೆಸರು ಮಾತ್ರ ಕೂಗುತ್ತಿದ್ದಳು. ಮೊಮ್ಮಗಳಂಥ ಹುಡುಗಿಗೆ ಕೆಲಸ ಕಲಿಸುತ್ತಿದ್ದಾಳೆ ಅಂದುಕೊಂಡೆ. ಇಲ್ಲವೇ ಉಪ್ಪಿನ ವಿಷಯಕ್ಕೆ ನಾನು ನಕ್ಕದ್ದು ಬೇಜಾರಾಗಿರಬೇಕು, ಎರಡು ದಿನ ಬಿಟ್ಟು ಸಮಾಧಾನ ಮಾಡಿದರಾಯಿತು ಅಂದುಕೊಂಡೆ. ಮನುಷ್ಯನಿಗೆ ಬೇಡವಾದದ್ದು ಕಣ್ಣೆದುರೇ ಇದ್ದರೂ ಬೇರೆ ಕಾರಣ ಎಷ್ಟು ಬೇಕಾದರೂ ಸಿಗುತ್ತವೆ.

ಮೂರನೇ ದಿನ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ. ಕಣದಲ್ಲಿ ಮಕ್ಕಳು ಚೌಕಗಳಲ್ಲಿ ಕೂತಿದ್ದನ್ನು ನೋಡಿ, ಇದೇನು ಮೇಷ್ಟ್ರೇ ಎಂದರು. ಆಟ ಆಡುತ್ತಿದ್ದಾರೆ ಸರ್ ಎಂದೆ. ಆಟ ಚೆನ್ನಾಗಿದೆ ಎಂದು ಅವರು ಗೋಡೆಯ ಮೇಲಿನ ಮಗ್ಗಿಯ ಕಡೆ ಬೆನ್ನು ತಿರುಗಿಸಿ ನಿಂತುಕೊಂಡರು. ಹೆಸರು ಕರೆದು ಒಬ್ಬೊಬ್ಬರನ್ನೇ ಗುರುತು ಹಾಕಿಕೊಂಡರು. ಚೈತ್ರ ತನ್ನ ಹೆಸರನ್ನು ನೆಲದ ಮೇಲೆ ಬರೆದು ತೋರಿಸಿದಳು. ಹದಿನಾಲ್ಕಕ್ಕೆ ಹದಿನಾಲ್ಕು.

ಜೀಪು ತಿರುವಿನಲ್ಲಿ ಮರೆಯಾದ ಮೇಲೆ ಸೌದೆ ರಾಶಿಯ ಪಕ್ಕದಿಂದ ಈರಮ್ಮ ಕೇಳಿದಳು. ‘ಬರ್ಕಂಡ್ರಾ ಮೇಷ್ಟ್ರೇ? ಹದಿನಾಲ್ಕೂ?’

‘ಬರಕೊಂಡರು. ಇನ್ನು ಶಾಲೆ ಎಲ್ಲಿಗೂ ಹೋಗೋದಿಲ್ಲ’ ಎಂದೆ.

‘ಹಂಗಾದ್ರೆ ನಾನೊಸಿ ಮಲಗ್ತೀನಿ’ ಎಂದು ಅವಳು ಎದ್ದಳು. ಎದ್ದವಳು ಗೋಡೆ ಹಿಡಿದುಕೊಂಡಳು. ಆಗ ಅವಳ ಉಸಿರಾಟ ಅಷ್ಟು ದೂರ ನಿಂತಿದ್ದ ನನಗೂ ಕೇಳಿಸಿತು.

ಮಗ ಎಸ್ಟೇಟಿನ ಜೀಪು ತಂದು ಸಕಲೇಶಪುರಕ್ಕೆ ಕರೆದುಕೊಂಡು ಹೋದ. ಅಲ್ಲಿಂದ ಹಾಸನ. ಒಂಬತ್ತು ದಿನ. ಊರಿಗೆ ಬೇಲಿ ಬಿತ್ತು, ಲೈನು ಅರ್ಧ ಖಾಲಿಯಾಯಿತು, ಎಲ್ಲರ ಪರೀಕ್ಷೆಯಾಯಿತು. ಸೊಸೆಗೂ ಶಾಲೆಯ ಇಬ್ಬರು ಮಕ್ಕಳಿಗೂ ಬಂದು, ಹೆಚ್ಚೇನೂ ಆಗದೆ ಹೋಯಿತು. ನನಗೆ ಏನೂ ಆಗಲಿಲ್ಲ. ಕಾಯಿಲೆ ಅವಳಿಗೆ ಅಂಗಡಿಯಿಂದ ಬಂತೋ, ಲೈನಿನಿಂದ ಬಂತೋ, ಬಸ್ಸಿನಲ್ಲಿ ಬಂದ ನನ್ನಿಂದಲೇ ಬಂತೋ, ಯಾರಿಗೂ ಗೊತ್ತಿಲ್ಲ. ಹತ್ತನೇ ದಿನ ಬೆಳಿಗ್ಗೆ ಮಗ ಫೋನ್ ಮಾಡಿ, ‘ಅವ್ವ ಹೋಗ್ಬುಡ್ತು ಮೇಷ್ಟ್ರೇ’ ಎಂದ. ಅಲ್ಲೇ ಹಾಸನದಲ್ಲಿ ಯಾರೋ ಬಿಳಿ ಬಟ್ಟೆಯವರು ಮಾಡಬೇಕಾದದ್ದನ್ನು ಮಾಡಿದರು. ಈರಮ್ಮನ ಜನರಲ್ಲಿ ಕೂರಿಸಿ ಮಣ್ಣು ಮಾಡುವ ಪದ್ಧತಿ, ವಿಭೂತಿ ಇಟ್ಟು, ಹೂವಿಟ್ಟು. ಅದು ಯಾವುದೂ ಆಗಲಿಲ್ಲ. ಹಣೆಗೆ ವಿಭೂತಿ ಹಚ್ಚಿದರೋ ಇಲ್ಲವೋ ಮಗನಿಗೂ ಗೊತ್ತಾಗಲಿಲ್ಲ.

ದೀಪಾವಳಿಯ ಹೊತ್ತಿಗೆ ಶಾಲೆ ತೆರೆಯಿತು. ಹದಿಮೂರು ಮಕ್ಕಳು ಬಂದರು. ಮುಂದಿನ ವಾರ ಲೈನಿನ ಹದಿನಾಲ್ಕನೆಯವನೂ ಬಂದ. ಹೊಸದಾಗಿ ಬಂದ ಅಡಿಗೆಯಾಕೆ ತಕ್ಕಡಿ ಒರೆಸಿ ಅಕ್ಕಿ ತೂಗಿದಳು. ಅದು ಸರಿಯಾದ ಕ್ರಮ. ಮಕ್ಕಳು ಮಾತ್ರ ಅಭ್ಯಾಸಬಲದಿಂದ ಅಡಿಗೆಮನೆಯ ಬಾಗಿಲಲ್ಲಿ ಸಾಲಾಗಿ ನಿಂತು, ಯಾರೂ ಹೆಸರು ಕೂಗದ್ದರಿಂದ ಸ್ವಲ್ಪ ಹೊತ್ತು ಕಾದು, ಒಳಗೆ ಹೋದರು. ನಾನು ಮುಂದಿನ ವರ್ಷವೇ ವರ್ಗಾವಣೆ ಕೇಳಿಕೊಂಡೆ. ಹೆಂಡತಿಯ ಆರೋಗ್ಯ ಎಂದು ಅರ್ಜಿಯಲ್ಲಿ ಬರೆದೆ. ಈರಮ್ಮನಿಗೆ ಹೇಳಿದ ಆ ನಾಲ್ಕು ಮಾತನ್ನು ಮಾತ್ರ ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಕೂಡ.

ಪರೀಕ್ಷೆ ಮುಗಿದು ಉತ್ತರಪತ್ರಿಕೆ ಕಟ್ಟಿಕೊಟ್ಟು ಹೊರಗೆ ಬಂದರೆ ಪವಿತ್ರ ಗೇಟಿನ ಹತ್ತಿರ ನಿಂತಿದ್ದಳು. ಉದ್ದ ಆಗಿದ್ದಾಳೆ. ಪ್ರಶ್ನೆಪತ್ರಿಕೆ ಸುಲಭವಿತ್ತು ಎಂದಳು. ಬೈನೆಕೊಪ್ಪದಲ್ಲಿ ಈಗ ಒಂಬತ್ತು ಮಕ್ಕಳು, ಶಾಲೆ ನಡೆಯುತ್ತಿದೆ, ಚೈತ್ರ ಈಗ ಏಳನೇ ಕ್ಲಾಸು, ಬರುವ ವರ್ಷ ಯಸಳೂರಿಗೆ ಸೇರುತ್ತಾಳೆ, ಅಲ್ಲಿಗೆ ಹೋಗುವ ಮಕ್ಕಳಿಗೆಂದು ಈಗ ಜೀಪು ಬರುತ್ತದೆ ಎಂದೆಲ್ಲ ಹೇಳಿದಳು. ನನ್ನ ಬಸ್ಸಿಗೆ ಇನ್ನೂ ಹೊತ್ತಿತ್ತು. ಇಬ್ಬರೂ ರಸ್ತೆ ಬದಿಯ ಕಟ್ಟೆಯ ಮೇಲೆ ಕೂತೆವು. ಎದುರಿನ ತೋಟ ಪೂರ್ತಿ ಹೂವಾಗಿತ್ತು.

‘ಸಾರ್, ತಲೆನೋವಾ?’ ಎಂದು ಕೇಳಿದಳು. ಹೌದು ಎಂದೆ. ಅವಳು ಹಾಲ್ ಟಿಕೆಟ್ಟಿನ ಮೂಲೆಯನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದಳು.

‘ಸಾರ್, ಉಪ್ಪಿಲ್ದೇ ಇದ್ದ ದಿನ ಸಾಯಂಕಾಲ ಅಜ್ಜಿ ನಂಗೆ ಕರಿಬೇವು ಕಿತ್ಕೊಟ್ಟು ಮೂಸು ಅಂತು. ವಾಸ್ನೆ ಬರ್ತೈತಾ ಅಂತು. ಬರ್ತೈತೆ ಅಂದೆ. ಹೂವಿಂದೂ ಬರ್ತೈತಾ ಅಂತು. ಬರ್ತೈತಲ್ಲಜ್ಜಿ, ಊರೆಲ್ಲ ಬರ್ತೈತೆ ಅಂದೆ.’ ಅವಳ ದನಿ ಸಣ್ಣದಾಯಿತು. ‘ಮೇಷ್ಟ್ರಿಗೆ ಹೇಳ್ಬ್ಯಾಡ, ಸಾಹೇಬ್ರು ಬಂದ್ ಹೋಗ್ಲಿ, ಇಲ್ದಿದ್ರೆ ನಿನ್ ಸ್ಕೂಲು ನಿಂತೋಯ್ತೈತೆ ಅಂತು. ನಾನು ಹೇಳ್ಲಿಲ್ಲ ಸಾರ್. ನಾನು ಹೇಳಿದ್ರೆ ಅಜ್ಜಿ ಉಳ್ಕತಿತ್ತು.’

ಹನ್ನೊಂದು ವರ್ಷದ ಹುಡುಗಿ ಆವತ್ತು ಕಣದಲ್ಲಿ ಅನ್ನ ಬಡಿಸುತ್ತಾ ಇದನ್ನು ಹೊತ್ತುಕೊಂಡು ಓಡಾಡಿದ್ದಳು. ಆಮೇಲೆ ನಾಲ್ಕು ವರ್ಷ ಹೊತ್ತಿದ್ದಳು. ನಾನು ಮಾತ್ರ ನನ್ನದೊಂದೇ ದುಃಖ ಎಂಬಂತೆ ಊರು ಬಿಟ್ಟು ಓಡಿದ್ದೆ.

ಅವಳಿಗೆ ಎಲ್ಲ ಹೇಳಿದೆ. ಅದೇ ದಿನ ಬೆಳಿಗ್ಗೆ ಈರಮ್ಮ ಮೊದಲು ಕೇಳಿದ್ದು ನನ್ನನ್ನು ಎಂದೆ. ತಲೆ ಸಿಡಿಯುತ್ತಿದ್ದರೂ ವಾಸನೆ ಇಲ್ಲ ಎಂದೆನಲ್ಲ, ತಮಾಷೆ ಅಂದುಕೊಂಡೆನಲ್ಲ, ಗೋಡೆಯ ಮೇಲೆ ಬರೆದವನು ನಾನೇ ಅಲ್ಲವಾ ಎಂದೆ. ‘ನಿಂದೇನೂ ತಪ್ಪಿಲ್ಲ ಮಗ. ಅಜ್ಜಿ ಕೇಳಿದ್ದಕ್ಕೆ ನೀನು ನಿಜ ಹೇಳಿದೆ. ದೊಡ್ಡವನಾಗಿ ನಾನು ಹೇಳಲಿಲ್ಲ.’ ಇಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂತು. ಯಸಳೂರಿನ ರಸ್ತೆ ಬದಿಯಲ್ಲಿ, ಪರೀಕ್ಷೆ ಬರೆದ ಮಕ್ಕಳು ಓಡಾಡುವ ಕಡೆ, ಕೊಠಡಿ ಮೇಲ್ವಿಚಾರಕ ಅಳುತ್ತಾ ಕೂತಿದ್ದ. ಕೆಲವರು ತಿರುಗಿ ನೋಡಿದರು.

ಪವಿತ್ರ ನನ್ನನ್ನು ಸಮಾಧಾನ ಮಾಡಲಿಲ್ಲ. ತಾನೂ ಅತ್ತಳು. ಆಮೇಲೆ ಮುಖ ಒರೆಸಿಕೊಂಡು, ದಿನಾ ಬೆಳಿಗ್ಗೆ ಎದ್ದ ಕೂಡಲೇ ಏನಾದರೂ ಒಂದನ್ನು ಮೂಸಿ ನೋಡುವುದು ತನಗೆ ಅಭ್ಯಾಸವಾಗಿಬಿಟ್ಟಿದೆ ಎಂದಳು. ಅವ್ವನಿಗೂ ಮೂಸಲು ಕೊಡುತ್ತಾಳಂತೆ, ಅವ್ವ ಬೈಯುತ್ತಾಳಂತೆ. ಪರೀಕ್ಷೆ ಬರೆಯುತ್ತಾ ಅವಳು ಕಣ್ಣು ಮುಚ್ಚಿ ಉಸಿರು ಎಳೆದುಕೊಂಡದ್ದು ನನಗೆ ಆಗ ಅರ್ಥವಾಯಿತು.

ದೂರದ ತಿರುವಿನಲ್ಲಿ ಆಲೂರಿನ ಕಡೆಯ ಬಸ್ಸಿನ ಹಾರನ್ ಕೇಳಿಸಿತು. ನಾವಿಬ್ಬರೂ ಎದ್ದು ನಿಂತೆವು. ಅವಳು ತೋಟದ ಕಡೆ ನೋಡುತ್ತಾ ಕೇಳಿದಳು.

‘ಸಾರ್, ಈಗ ನಿಮ್ಗೆ ವಾಸ್ನೆ ಬರ್ತೈತಾ?’

‘ಬರ್ತೈತೆ ಕಣಮ್ಮ’ ಎಂದೆ. ‘ತುಂಬಾ ಬರ್ತೈತೆ.’

‘ನಂಗೂ ಬರ್ತೈತೆ’ ಎಂದಳು.